ಮೈನಸ್ 30ರ ಊರಿನಲ್ಲಿ 16 ಅಡಿಯ ಗುಲಾಬಿ ಹಂದರ

ನಮ್ಮ ಹಿತ್ತಲಿನ ಬೇಲಿಯ ಮುಂದೆ ಈಗ 16 ಅಡಿ ಉದ್ದದ, ಆಳೆತ್ತರದ ಗುಲಾಬಿ ಹಂದರ ಇದೆ. ಅಷ್ಟೂ ಒಂದೇ ಗಿಡ, ವಿಲಿಯಂ ಬ್ಯಾಫಿನ್ ಎಂಬ ತಳಿ. ಊರು ಕೆನಡಾದ ವಿನ್ನಿಪೆಗ್. ಜನವರಿಯ ರಾತ್ರಿಗಳಲ್ಲಿ ಇಲ್ಲಿ ಮೈನಸ್ 30 ಡಿಗ್ರಿ ಮಾಮೂಲು. ಮೇ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ, ಸುಮಾರು ನಾಲ್ಕು ತಿಂಗಳು ಮಾತ್ರ ಫ್ರಾಸ್ಟ್, ಅಂದರೆ ಗಿಡದ ಮೇಲೆ ಮಂಜು ಹೆಪ್ಪುಗಟ್ಟುವ ಚಳಿಯ ಭಯ ಇರುವುದಿಲ್ಲ. ಇಂಥ ಕಡೆ ಇದನ್ನು ಹೇಗೆ ಬೆಳೆಸಿದಿರಿ ಅಂತ ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಜಾಗ ಆರಿಸಿದ್ದರಿಂದ ಹಿಡಿದು ಕೊಂಬೆ ಸವರುವವರೆಗೆ ಮಾಡಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಈ ಜಾತಿಯ ಗುಲಾಬಿಯ ದೊಡ್ಡ ಹೂಬೆಳೆ ಬರುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ಬೇರು ಹಿಮದಡಿ ಬದುಕಿ, ಮೇಲಿನ ಕೊಂಬೆ ಪ್ರತಿ ಚಳಿಗಾಲ ಸತ್ತುಹೋದರೆ ಗಿಡ ಪ್ರತಿ ಮೇನಲ್ಲೂ ಬುಡದಿಂದ ಏಳಬೇಕು. ಆಗ ಎಲೆ ಬರುತ್ತದೆ, ಹೂವು ಅಷ್ಟಕ್ಕಷ್ಟೆ. ಹಾಗಾಗಿ ನಾನು ಮಾಡಿದ ಪ್ರತಿ ಕೆಲಸದ ಹಿಂದೆ ಇದ್ದ ಉದ್ದೇಶ ಒಂದೇ: ಹಳೆಯ ಕೊಂಬೆಯನ್ನು ವಸಂತಕ್ಕೆ ಜೀವಂತ ದಾಟಿಸುವುದು. ತಳಿ, ಕಂಬ, ನೀರು, ಗೊಬ್ಬರ ಎಲ್ಲವನ್ನೂ ಆ ಲೆಕ್ಕದಲ್ಲೇ ಆರಿಸಿದೆ.

ಯಾವ ಗಿಡ

ನಾವು ಮನೆ ಕೊಂಡಾಗ ಹಿತ್ತಲಿನಲ್ಲಿ ಹಿಂದಿನವರು ನೆಟ್ಟ ಹೈಬ್ರಿಡ್ ಟೀ ಗುಲಾಬಿಗಳ ಒಣಗಿದ ಮೋಟುಗಳಿದ್ದವು. ಅಂಗಡಿಯಲ್ಲಿ ಚಂದ ಕಾಣುವ ಆ ಗಿಡಗಳಲ್ಲಿ ಬಹಳಷ್ಟು ಕಸಿ ಮಾಡಿದಂಥವು. ಕಸಿ ಗಂಟು ಚಳಿಗೆ ಸತ್ತರೆ ಮೇಲಿನ ಒಳ್ಳೆಯ ತಳಿಯೂ ಹೋಯಿತು. ಆಮೇಲೆ ಏನಾದರೂ ಚಿಗುರಿದರೆ ಅದು ಕೆಳಗಿನ ಬೇರಿನ ಕಾಡು ಗುಲಾಬಿ.

ಅದಕ್ಕೇ ನಾನು ಸ್ವಂತ ಬೇರಿನ ಗಿಡವನ್ನೇ ಹುಡುಕಿದೆ. ಚಳಿ ಎಷ್ಟೇ ಹೊಡೆದರೂ ಬುಡದಿಂದ ಏಳುವುದು ಅದೇ ತಳಿ. ನಾನು ಆರಿಸಿದ್ದು ವಿಲಿಯಂ ಬ್ಯಾಫಿನ್. 1983ರಲ್ಲಿ ಕೆನಡಾದ ಕೃಷಿ ಇಲಾಖೆ ಬಿಡುಗಡೆ ಮಾಡಿದ ತಳಿ. ಒಟ್ಟಾವಾದ ಸೆಂಟ್ರಲ್ ಎಕ್ಸ್‌ಪೆರಿಮೆಂಟಲ್ ಫಾರ್ಮ್‌ನಲ್ಲಿ ಫೆಲಿಸಿಟಾಸ್ ಶ್ವೇಡಾ ಬೆಳೆಸಿದ ಎಕ್ಸ್‌ಪ್ಲೋರರ್ ಗುಲಾಬಿಗಳಲ್ಲಿ ಒಂದು. ಆ ಸಾಲಿನ ಹೆಚ್ಚಿನ ತಳಿಗಳಿಗೆ ಕೆನಡಾದ ನೆಲ, ಕಡಲು ಹುಡುಕಿ ಬಂದ ಅನ್ವೇಷಕರ ಹೆಸರು: ಮಾರ್ಟಿನ್ ಫ್ರೋಬಿಶರ್, ಹೆನ್ರಿ ಹಡ್ಸನ್, ಜಾನ್ ಕ್ಯಾಬಟ್, ಶಾಂಪ್ಲೇನ್. ಶ್ವೇಡಾ ಹುಟ್ಟಿದ್ದು ವಿಯೆನ್ನಾದಲ್ಲಿ, ಕೆನಡಾಕ್ಕೆ ಬಂದದ್ದು 1953ರಲ್ಲಿ. ಗಿಡಗಳಿಗೆ ಹೊದಿಕೆ ಹಾಕದೆ ಬಯಲಲ್ಲೇ ಚಳಿಗೆ ಬಿಟ್ಟು, ಉಳಿದವನ್ನು ಆರಿಸುತ್ತಾ ಹೋದವರು ಅವರು. ನನಗೆ ಅವರ ಮೇಲೆ ತುಂಬಾ ಗೌರವ. ಇವತ್ತು ಪ್ರೇರಿ ಅನ್ನುವ ಈ ಹುಲ್ಲುಗಾವಲು ಬಯಲಿನ ಊರುಗಳ ಸಾಮಾನ್ಯ ಮನೆಗಳ ಮುಂದೆ ಗುಲಾಬಿ ಕಾಣುತ್ತದೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ನಮ್ಮ ಮ್ಯಾನಿಟೋಬಾ ಪ್ರಾಂತ್ಯದ ಮಾರ್ಡೆನ್ ಸಂಶೋಧನಾ ಕೇಂದ್ರದ ಪಾಲೂ ಇದೆ. ಮಾರ್ಡೆನ್ ಬ್ಲಷ್, ಮಾರ್ಡೆನ್ ಸೆಂಟೆನಿಯಲ್ ಅಲ್ಲಿಂದ ಬಂದವು. ಆದರೆ ಅವು ಗಿಡ್ಡ ಪೊದೆಗಳು. ನನಗೆ ಬೇಲಿಯುದ್ದಕ್ಕೂ ಹಬ್ಬುವ ಗಿಡ ಬೇಕಿತ್ತು.

ಬ್ಯಾಫಿನ್‌ಗೆ ಈ ಕಸುವು ಬಂದದ್ದು ಕೊರ್ಡೆಸಿಯೈ ಎಂಬ ಗುಲಾಬಿಯಿಂದ. ಮ್ಯಾಕ್ಸ್ ಗ್ರಾಫ್ ಅಂತ ರುಗೋಸಾ ಗುಲಾಬಿಯ ಒಂದು ಮಿಶ್ರತಳಿ ಇತ್ತು, ಬೀಜ ಕಟ್ಟುವುದೇ ಅಪರೂಪ. ಅದರಿಂದ ಜರ್ಮನಿಯ ವಿಲ್ಹೆಲ್ಮ್ ಕೊರ್ಡೆಸ್‌ಗೆ ಒಂದು ಸಸಿ ಸಿಕ್ಕಿತು. ಅದರ ವರ್ಣತಂತುಗಳು ತಾವಾಗಿಯೇ ಇಮ್ಮಡಿಯಾಗಿದ್ದವು, ಹಾಗಾಗಿ ಬೀಜವೂ ಚೆನ್ನಾಗಿ ಕಟ್ಟುತ್ತಿತ್ತು. ಚಳಿ ತಡೆಯುವ ರುಗೋಸಾ ಗುಲಾಬಿಯ ಗುಣ ಅದರ ಮೂಲಕ ಉಳಿದ ತೋಟದ ಗುಲಾಬಿಗಳಿಗೂ ಇಳಿಯಿತು.

ಗಿಡದ ಗುಣ ಹೇಳುತ್ತೇನೆ. ಎತ್ತರ 8ರಿಂದ 10 ಅಡಿ. ಗಾಢ ಗುಲಾಬಿ ಬಣ್ಣ, ನಡುವೆ ಬಿಳಿ ಛಾಯೆ, ಹಳದಿ ಕೇಸರ. ಹೂವು ಗೊಂಚಲು ಗೊಂಚಲಾಗಿ ಬಿಡುತ್ತದೆ. ಚಳಿಯ ಲೆಕ್ಕದಲ್ಲಿ ಊರುಗಳನ್ನು ವಿಂಗಡಿಸುವ ಪಟ್ಟಿಯ ವಲಯ 3ರ ಚಳಿ ತಡೆಯುತ್ತದೆ (ಅಂಕಿ ಕಡಿಮೆಯಾದಷ್ಟೂ ಚಳಿ ಜಾಸ್ತಿ). ಎಲೆಗೆ ಕಪ್ಪುಚುಕ್ಕೆ ರೋಗ ಕಡಿಮೆ. ಪರಿಮಳ ಮಾತ್ರ ಬಹಳ ಕಡಿಮೆ, ಪನ್ನೀರು ಗುಲಾಬಿ ಮೂಸಿ ಬೆಳೆದವರಿಗೆ ಇದು ಸಾಲದು. ಪರಿಮಳಕ್ಕೆ ಅಂತ ಮನೆ ಮುಂದೆ ತೆರೇಸ್ ಬುನ್ಯೇ ನೆಟ್ಟಿದ್ದೇನೆ. ಅಲ್ಬರ್ಟಾದಲ್ಲಿ ನೆಲೆಸಿದ ಜಾರ್ಜ್ ಬುನ್ಯೇ ಬೆಳೆಸಿ 1950ರಲ್ಲಿ ಹೊರತಂದ ತಳಿ ಅದು. ಚಳಿಗೂ ಜಗ್ಗುವುದಿಲ್ಲ, ಸುವಾಸನೆಯೂ ಇದೆ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಮನೆಯ ದಕ್ಷಿಣದ ಗೋಡೆಗೆ ಒತ್ತಿ ನೆಡಲಿಲ್ಲ. ಮಾರ್ಚ್ ಬಿಸಿಲಿಗೆ ಅಂಥ ಗೋಡೆ ಹಗಲಿಡೀ ಕಾಯುತ್ತದೆ, ರಾತ್ರಿ ಮತ್ತೆ ಮೈನಸ್ 20. ಆ ಏರಿಳಿತದಲ್ಲಿ ಕೊಂಬೆಯ ತೊಗಟೆ ಸೀಳುತ್ತದೆ. ಬೇಲಿಯಿಂದ ಎರಡಡಿ ಈಚೆಗೆ ಜಾಗ ಗುರುತು ಮಾಡಿದೆ. ಗಾಳಿಯಾಡಲೂ ಬೇಕು, ಹಿಂದೆ ನುಗ್ಗಿ ಕೆಲಸ ಮಾಡಲೂ ಬೇಕು. ವಾಯವ್ಯದ ಕುಳಿರ್ಗಾಳಿಯನ್ನು ಬೇಲಿ ತಡೆಯುತ್ತದೆ, ಗಾಳಿ ತರುವ ಹಿಮವೂ ಅಲ್ಲೇ ಗುಡ್ಡೆಯಾಗುತ್ತದೆ. ಹಿಮಕ್ಕಿಂತ ಒಳ್ಳೆಯ ಹೊದಿಕೆ ಗುಲಾಬಿಗೆ ಇಲ್ಲ. ಹಳೆಯ ಗುಲಾಬಿ ಇದ್ದ ಪಾತಿಯನ್ನು ಬೇಕಂತಲೇ ಬಿಟ್ಟೆ. ಗುಲಾಬಿ ಇದ್ದ ಮಣ್ಣಿನಲ್ಲಿ ಮತ್ತೆ ಗುಲಾಬಿ ನೆಟ್ಟರೆ ಹೊಸದು ಸೊರಗುವುದುಂಟು.

ವಿನ್ನಿಪೆಗ್ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಮಯುಗದ ಕೊನೆಯಲ್ಲಿ ಇಲ್ಲೆಲ್ಲ ಅಗಾಸಿ ಎಂಬ ಭಾರಿ ಸರೋವರ ಇತ್ತು. ಅದರ ತಳದಲ್ಲಿ ಕೂತ ಜೇಡಿಯೇ ಇವತ್ತಿನ ನಮ್ಮ ಹಿತ್ತಲು. ಊರಿನವರು ಇದನ್ನು ಗಂಬೋ ಅನ್ನುತ್ತಾರೆ. ಮಳೆ ಬಂದರೆ ಬೂಟು ಕಿತ್ತು ಬರುವುದಿಲ್ಲ, ಒಣಗಿದರೆ ಬೆರಳು ತೂರುವಷ್ಟು ಬಿರುಕು. ಸಾರ ಇದೆ, ನೀರು ಇಳಿಯುವುದು ನಿಧಾನ, ಜೊತೆಗೆ ಸುಣ್ಣದ ಅಂಶ ಜಾಸ್ತಿ.

ಗುಂಡಿ ತೋಡುವ ಮುಂಚೆ ನೆಲದಡಿಯ ಗ್ಯಾಸ್ ಪೈಪು, ಕರೆಂಟು ಕೇಬಲ್ ಗುರುತು ಹಾಕಿಸಿಕೊಂಡೆ. ಇಲ್ಲಿ ಅದು ಉಚಿತ. ಕಂಬ ಹೊಡೆಯುವವರು ಇದನ್ನು ಬಿಡಲೇಬಾರದು.

ಗುಂಡಿ ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಅಗಲವೇ ಮುಖ್ಯ. ತೋಡಿದ ಮೇಲೆ ನೀರು ತುಂಬಿಸಿ ಬಿಟ್ಟೆ. ಮರುದಿನ ನೋಡಿದಾಗ ಇಳಿದಿತ್ತು. ನೀರು ಹಾಗೇ ನಿಂತಿದ್ದರೆ ಜಾಗ ಬದಲಿಸುವುದು ಅಥವಾ ಏರು ಪಾತಿ ಕಟ್ಟುವುದೇ ದಾರಿ. ಸನಿಕೆ ತಾಗಿ ಗುಂಡಿಯ ಗೋಡೆ ನುಣ್ಣಗಾಗಿತ್ತು, ಅದನ್ನು ಹಾರೆಯಿಂದ ಗೀರಿ ಒರಟು ಮಾಡಿದೆ. ಇಲ್ಲದಿದ್ದರೆ ಬೇರು ಹೊರಗೆ ದಾಟದೆ ಒಳಗೇ ಸುತ್ತುತ್ತದೆ. ಎರಡು ಪಾಲು ಅದೇ ಮಣ್ಣು, ಒಂದು ಪಾಲು ಕಾಂಪೋಸ್ಟ್ ಬೆರೆಸಿದೆ. ಬರೀ ಕಾಂಪೋಸ್ಟ್ ತುಂಬಿದರೆ ಸುತ್ತಲಿನ ಜೇಡಿಯ ನಡುವೆ ಗುಂಡಿ ತೊಟ್ಟಿಯಾಗುತ್ತದೆ, ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ.

ಹಂದರ

ಬ್ಯಾಫಿನ್‌ಗೆ ಅಂಗಡಿಯ ತೆಳ್ಳಗಿನ ಮರದ ಜಾಲರಿ ಸಾಲದು. ಕೊಂಬೆಗಳು ಹೆಬ್ಬೆರಳು ದಪ್ಪ ಆಗುತ್ತವೆ. ಎಲೆ ತುಂಬಿದಾಗ ಇಡೀ ಹಂದರಕ್ಕೆ ಗಾಳಿ ಬಡಿಯುತ್ತದೆ. ಕಾಂಕ್ರೀಟ್ ಹಾಕಿ ಮರದ ಕಂಬ ನಿಲ್ಲಿಸುವ ಯೋಚನೆಯನ್ನೂ ಬಿಟ್ಟೆ. ಇಲ್ಲಿ ನೆಲ ಆರಡಿ ಆಳದವರೆಗೂ ಹೆಪ್ಪುಗಟ್ಟುವುದುಂಟು. ಜೇಡಿಯೊಳಗಿನ ನೀರು ಮಂಜುಗಡ್ಡೆಯಾಗಿ ಉಬ್ಬಿದಾಗ ಕಾಂಕ್ರೀಟ್ ಗಟ್ಟಿಯನ್ನೇ ಮೇಲೆತ್ತುತ್ತದೆ. ಹಾಗೆ ಎದ್ದ ಕಂಬವನ್ನು ಮತ್ತೆ ಕೂರಿಸುವುದು ಸುಲಭವಲ್ಲ.

ರೈತರ ಅಂಗಡಿಯಲ್ಲಿ ಸಿಗುವ ಎರಡು ಸಾಮಾನುಗಳು ನನ್ನ ಕೆಲಸ ಮಾಡಿದವು. ಒಂದು, ಕ್ಯಾಟಲ್ ಪ್ಯಾನೆಲ್. ದನದ ಕೊಟ್ಟಿಗೆಗೆ ಹಾಕುವ, ದಪ್ಪ ಕಂಬಿ ಬೆಸೆದ ಸತು ಲೇಪದ ಜಾಲರಿ, 16 ಅಡಿ ಉದ್ದ, 50 ಇಂಚು ಅಗಲ. ಇನ್ನೊಂದು, 8 ಅಡಿಯ ಟಿ ಪೋಸ್ಟ್, ಅಂದರೆ ಬೇಲಿಗೆ ಹೊಡೆಯುವ ಉಕ್ಕಿನ ಕಂಬ. ಅಂಥವು ಐದು ತಂದೆ. 16 ಅಡಿಯ ಪ್ಯಾನೆಲ್ ಕಾರಿನಲ್ಲಿ ಹಿಡಿಸುವುದಿಲ್ಲ, ಬೋಲ್ಟ್ ಕಟರ್‌ನಿಂದ ಅಂಗಡಿಯ ಪಾರ್ಕಿಂಗ್‌ನಲ್ಲೇ ಎರಡು ತುಂಡು ಮಾಡಿಕೊಂಡು ಗೆಳೆಯನ ಪಿಕಪ್‌ನಲ್ಲಿ ತಂದೆ. ಕತ್ತರಿಸಿದ ತುದಿಗಳಿಗೆ ಅರ ಹಾಕಿ, ಸತುವಿನ ಪೇಂಟ್ ಬಳಿದೆ.

ಕಂಬಗಳನ್ನು ನಾಲ್ಕಡಿಗೆ ಒಂದರಂತೆ ಹೊಡೆದೆ. ಪೋಸ್ಟ್ ಡ್ರೈವರ್ ಅಂತ ಎರಡು ಹಿಡಿ ಇರುವ ಭಾರದ ಕೊಳವೆ ಸಿಗುತ್ತದೆ. ಕಂಬದ ತಲೆಗೆ ಅದನ್ನು ತೊಡಿಸಿ, ಎತ್ತಿ ಎತ್ತಿ ಕುಕ್ಕಬೇಕು. ಎಂಟಡಿ ಕಂಬಕ್ಕೆ ಶುರುವಿನಲ್ಲಿ ಗಟ್ಟಿಯಾದ ಸ್ಟೂಲ್ ಮೇಲೆ ನಿಲ್ಲಬೇಕಾಗುತ್ತದೆ, ಒಬ್ಬರು ಕಂಬ ಹಿಡಿದುಕೊಂಡರೆ ನೆಟ್ಟಗೆ ಇಳಿಯುತ್ತದೆ. ಮಳೆ ಬಂದ ಮಾರನೆ ದಿನ ಈ ಕೆಲಸ ಇಟ್ಟುಕೊಳ್ಳಿ. ಒಣ ಗಂಬೋ ಕಲ್ಲಿನಂತೆ. ಎರಡಡಿ ನೆಲದೊಳಗೆ, ಆರಡಿ ಮೇಲೆ. ಪ್ಯಾನೆಲ್‌ನ ಕೆಳ ಅಂಚು ನೆಲದಿಂದ ಒಂದೂವರೆ ಅಡಿ ಮೇಲಿರುವಂತೆ ಕಟ್ಟಿದೆ, ಆಗ ಮೇಲಂಚು 5 ಅಡಿ 8 ಇಂಚಿಗೆ ಬಂತು. ಎರಡು ತುಂಡು ಸೇರುವುದು ನಡುಗಂಬದಲ್ಲಿ. ಕಟ್ಟಲು ಕಂಬದ ಜೊತೆ ಬರುವ ಕ್ಲಿಪ್ ಸಾಕು, ಮೂಲೆಗಳಿಗೆ ಮಾತ್ರ ತಂತಿ ಸುತ್ತಿ ಬಿಗಿದೆ. ಕಂಬದ ತುದಿಗಳಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿದೆ, ಮಕ್ಕಳು ಓಡಾಡುವ ಜಾಗ.

ಈ ಕಂಬಗಳೂ ಏಳುತ್ತವೆ. ಆದರೆ ಏಪ್ರಿಲ್ ಕೊನೆಯಲ್ಲಿ ನೆಲ ಕರಗಿ ಮೆತ್ತಗಿರುವಾಗ ಕ್ಲಿಪ್ ಸಡಿಲಿಸಿ ನಾಲ್ಕು ಏಟು ಹಾಕಿದರೆ ವಾಪಸ್ ಕೂರುತ್ತವೆ. ಕಾಂಕ್ರೀಟ್ ಬಿಟ್ಟಿದ್ದು ಇದಕ್ಕೇ.

ನೆಡುವುದು

ಇಲ್ಲಿ ವಿಕ್ಟೋರಿಯಾ ಡೇ ರಜೆ ಮುಗಿಯುವವರೆಗೆ, ಅಂದರೆ ಮೇ ಮೂರನೇ ವಾರ ದಾಟುವವರೆಗೆ ಎಳೆ ಗಿಡ ಹೊರಗಿಡಬೇಡಿ ಅನ್ನುವುದು ತೋಟ ಮಾಡುವವರ ಮಾತು. ಹಂದರ ಮೊದಲು, ಗಿಡ ಆಮೇಲೆ. ಬೇರೂರಿದ ಗಿಡದ ಪಕ್ಕ ಕಂಬ ಕುಕ್ಕಿದರೆ ಬೇರು ಹರಿಯುತ್ತದೆ. ಗಿಡವನ್ನು ನಡುಗಂಬದ ಬುಡದಿಂದ ಒಂದಡಿ ಈಚೆಗೆ ಕೂರಿಸಿದೆ. ಎಡಕ್ಕೆ ಎಂಟಡಿ, ಬಲಕ್ಕೆ ಎಂಟಡಿ ಹಬ್ಬಲು ಜಾಗ.

ಬೆಂಗಳೂರಿನ ನರ್ಸರಿಯವರು ಕಸಿ ಗಂಟು ಮಣ್ಣಿಗಿಂತ ಮೇಲಿರಲಿ ಅಂತ ಒತ್ತಿ ಹೇಳುತ್ತಾರೆ. ಅಲ್ಲಿ ಅದು ಸರಿ, ಮಣ್ಣಿನ ತೇವಕ್ಕೆ ಗಂಟು ಕೊಳೆಯುತ್ತದೆ. ಇಲ್ಲಿ ತಿರುಗುಮುರುಗು. ಸ್ವಂತ ಬೇರಿನ ಗಿಡವಾದರೂ ಕೊಂಬೆಗಳು ಹೊರಡುವ ಬುಡ ಮಣ್ಣಿನ ಮಟ್ಟಕ್ಕಿಂತ ಮೂರು ಇಂಚು ಕೆಳಗಿರುವಂತೆ ನೆಟ್ಟೆ. ಕಸಿ ಗಿಡವನ್ನೇ ನೆಡುವುದಾದರೆ ನಾಲ್ಕರಿಂದ ಆರು ಇಂಚು ಹೂಳಬೇಕು. ಮೇಲೆ ಎಲ್ಲ ಸತ್ತರೂ ಮಣ್ಣಿನಲ್ಲಿ ಹೂತ ಭಾಗದ ಚಿಗುರು ಮೊಗ್ಗುಗಳು ಉಳಿಯುತ್ತವೆ.

ಕುಂಡದಲ್ಲಿ ಸುತ್ತಿಕೊಂಡಿದ್ದ ಬೇರನ್ನು ಬಿಡಿಸಿ ಹರಡಿದೆ. ಒಂದು ಬಕೆಟ್ ನೀರು ಹಾಕಿ, ಇಳಿದ ಮೇಲೆ ಮಣ್ಣು ತುಂಬಿ, ಮತ್ತೊಂದು ಬಕೆಟ್. ಮೇಲೆ ಮರದ ಚೂರಿನ ಹೊದಿಕೆ ಮೂರು ಇಂಚು, ಬುಡಕ್ಕೆ ತಾಗದಂತೆ. ಮೊದಲ ಬೇಸಿಗೆ ಗೊಬ್ಬರ ಹಾಕಲಿಲ್ಲ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು, ಅಷ್ಟೇ. ದಿನಾ ಚಿಮುಕಿಸಿದರೆ ಬೇರು ಮೇಲ್ಮೈಯಲ್ಲೇ ಉಳಿದು ಚಳಿಗೆ ಸಿಗುತ್ತದೆ.

ಎರಡನೇ ಬೇಸಿಗೆ ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಇದು ಸುಣ್ಣದ ಮಣ್ಣಿನ ಕಾಯಿಲೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಪಿಎಚ್ (ಕ್ಷಾರದ ಮಟ್ಟ) ಹೆಚ್ಚಿರುವುದರಿಂದ ಬೇರಿಗೆ ಸಿಗುವುದಿಲ್ಲ. ಗಂಬೋಗೆ ಗಂಧಕ ಸುರಿದು ಪಿಎಚ್ ಇಳಿಸುವುದು ಆಗದ ಮಾತು, ಅಷ್ಟು ಸುಣ್ಣ ಇದೆ. ಇಡಿಡಿಎಚ್‌ಎ ರೂಪದ ಚೀಲೇಟೆಡ್ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಗಟ್ಟಿಯಾಗದಂತೆ ಬೇರೆ ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣ, ತಂದು ಬುಡಕ್ಕೆ ಹಾಕಿದೆ. ಹೆಚ್ಚು ಪಿಎಚ್‌ನಲ್ಲೂ ಕರಗಿಯೇ ಇರುವುದು ಆ ರೂಪ. ಮುಂದೆ ಬಂದ ಎಲೆ ಹಸಿರಾಗಿ ಬಂತು.

ಬಾಗಿಸುವುದು

ಈ ಹಂದರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಇದು. ಕೊಂಬೆ ನೆಟ್ಟಗೆ ಮೇಲಕ್ಕೆ ಹೋದರೆ ತುದಿಯ ಮೊಗ್ಗು ಉಳಿದವನ್ನು ತಡೆಯುತ್ತದೆ, ಹೂವು ತುದಿಗೆ ಮಾತ್ರ. ಅದೇ ಕೊಂಬೆಯನ್ನು ಅಡ್ಡ ಮಲಗಿಸಿದರೆ ಆ ತಡೆ ಸಡಿಲಾಗುತ್ತದೆ. ಉದ್ದಕ್ಕೂ ಪ್ರತಿ ಗೆಣ್ಣಿನಿಂದ ಚಿಗುರು ಏಳುತ್ತದೆ, ಪ್ರತಿ ಚಿಗುರಿನಲ್ಲೂ ಗೊಂಚಲು. ಪ್ಯಾನೆಲ್ಲನ್ನು ನಿಲ್ಲಿಸದೆ ಅಡ್ಡ ಹಾಕಿದ್ದು ಇದಕ್ಕೆ. ಇನ್ನೊಂದು ಲಾಭವೂ ಇದೆ. ಕೆಳಗಿನ ಕೊಂಬೆಗಳು ಹಿಮದ ಗುಡ್ಡೆಯೊಳಗೆ ಮುಚ್ಚಿಕೊಳ್ಳುತ್ತವೆ. ಮೇಲಿನವು ಚಳಿಗೆ ಸುಟ್ಟುಹೋದ ವರ್ಷವೂ ಕೆಳಗಿನ ಎರಡು ಸಾಲು ಹೂ ಬಿಡುತ್ತವೆ.

ಬ್ಯಾಫಿನ್ ಕೊಂಬೆ ಬಲಿತರೆ ಬಾಗುವುದಿಲ್ಲ, ಮುರಿಯುತ್ತದೆ. ಜುಲೈನಲ್ಲಿ ಹೊಸ ಕೊಂಬೆ ಹಸಿಯಾಗಿರುವಾಗಲೇ ಹಿಡಿಯಬೇಕು. ಒಂದೇ ಸಲಕ್ಕೆ ಮಲಗಿಸಬಾರದು. ಮೊದಲು ಓರೆಯಾಗಿ ಕಟ್ಟಿ, ವಾರ ಬಿಟ್ಟು ಇನ್ನಷ್ಟು ಇಳಿಸಿ, ಹೀಗೆ. ಕಟ್ಟುವುದಕ್ಕೆ ಹಳೆಯ ಪಂಚೆಯ ಪಟ್ಟಿ ಹರಿದುಕೊಂಡೆ. ಕಂಬಿಗೂ ಕೊಂಬೆಗೂ ನಡುವೆ ಎಂಟಂಕಿಯ ಹಾಗೆ ಸುತ್ತಿದರೆ ತೊಗಟೆ ಉಜ್ಜುವುದಿಲ್ಲ. ಹತ್ತಿ ಬಟ್ಟೆ ಒಂದೆರಡು ವರ್ಷದಲ್ಲಿ ತಾನೇ ಜೀರ್ಣವಾಗುತ್ತದೆ, ಕೊಂಬೆಯ ಕತ್ತು ಹಿಸುಕುವುದಿಲ್ಲ. ಕೊಂಬೆಯನ್ನು ಜಾಲರಿಯ ಕಿಂಡಿಯೊಳಗೆ ನೇಯಬೇಡಿ. ಮುಂದೆ ಸತ್ತ ಕೊಂಬೆ ತೆಗೆಯುವಾಗ ಎಳೆದರೂ ಬರುವುದಿಲ್ಲ. ಎಲ್ಲವನ್ನೂ ಜಾಲರಿಯ ಒಂದೇ ಬದಿಯಲ್ಲಿ ಕಟ್ಟಿ. ಮುಳ್ಳು ಜೋರು. ಮೊಣಕೈವರೆಗೆ ಬರುವ ವೆಲ್ಡಿಂಗ್ ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತೇನೆ.

ಜೂನ್‌ನಲ್ಲಿ ರೋಸ್ ಕರ್ಕ್ಯುಲಿಯೋ ಅನ್ನುವ ಮೂತಿಹುಳ ಬರುತ್ತದೆ. ಕೆಂಪು ಬೆನ್ನು, ಉದ್ದ ಕಪ್ಪು ಮೂತಿ. ಮೊಗ್ಗಿಗೆ ತೂತು ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ, ಹೂವು ಅರಳಿದರೆ ಎಸಳೆಲ್ಲ ತೂತು. ಮುಟ್ಟಿದರೆ ಸತ್ತ ಹಾಗೆ ಉದುರುವುದು ಅದರ ಸ್ವಭಾವ. ಬೆಳಿಗ್ಗೆ ತಂಪಿನಲ್ಲಿ ಸೋಪು ನೀರಿನ ಬಕೆಟ್ ಕೆಳಗೆ ಹಿಡಿದು ಕೊಂಬೆ ತಟ್ಟಿದರೆ ತಾವೇ ಬೀಳುತ್ತವೆ. ತೂತಾದ ಮೊಗ್ಗುಗಳನ್ನು ಕಿತ್ತು ನಾಶ ಮಾಡಿದರೆ ಮುಂದಿನ ವರ್ಷ ಕಾಟ ಕಡಿಮೆ. ಔಷಧಿ ಹೊಡೆಯುವ ಅಗತ್ಯ ನನಗೆ ಬಿದ್ದಿಲ್ಲ.

ಚಳಿಗಾಲದ ಕೆಲಸ ಶುರುವಾಗುವುದು ಜುಲೈನಲ್ಲಿ

ನವೆಂಬರ್‌ನಲ್ಲಿ ಚೀಲ ಸುತ್ತುವುದರಿಂದ ಕೊಂಬೆ ಉಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕೊಂಬೆ ಉಳಿಯುವುದು ಅದು ಬಲಿತಿದ್ದರೆ. ಹಗಲು ಕಿರಿದಾಗುತ್ತಾ, ರಾತ್ರಿ ತಂಪಾಗುತ್ತಾ ಹೋದಂತೆ ಗಿಡ ಬೆಳವಣಿಗೆ ನಿಲ್ಲಿಸಿ ಜೀವಕೋಶಗಳಲ್ಲಿ ಸಕ್ಕರೆ ಕೂಡಿಸುತ್ತದೆ. ಹೆಪ್ಪುಗಟ್ಟುವ ಹೊತ್ತಿಗೆ ಕೋಶದೊಳಗಿನ ನೀರು ಹೊರಗಿನ ಸಂದುಗಳಿಗೆ ಹರಿದು ಅಲ್ಲಿ ಮಂಜಾಗುತ್ತದೆ, ಕೋಶ ಒಡೆಯುವುದಿಲ್ಲ. ಎಳೆಯ, ರಸ ತುಂಬಿದ ಚಿಗುರಿಗೆ ಈ ಸಿದ್ಧತೆ ಇರುವುದಿಲ್ಲ. ಮೊದಲ ಗಟ್ಟಿ ಫ್ರಾಸ್ಟ್‌ಗೇ ಅದು ಕಪ್ಪಾಗುತ್ತದೆ.

ಆದ್ದರಿಂದ ಸಾರಜನಕದ ಗೊಬ್ಬರ ಜುಲೈ ನಡುವಿಗೇ ನಿಲ್ಲುತ್ತದೆ. ಬಾಡಿದ ಹೂ ಕೀಳುವುದು ಆಗಸ್ಟ್ ನಡುವಿಗೆ ನಿಲ್ಲುತ್ತದೆ. ಆಮೇಲಿನ ಹೂವು ಕಾಯಿ ಕಟ್ಟಲಿ. ಹೂ ಕೀಳುತ್ತಾ ಹೋದರೆ ಗಿಡ ಹೊಸ ಚಿಗುರು ಹಾಕುತ್ತಲೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ನೀರು ಕಡಿಮೆ. ಅಕ್ಟೋಬರ್ ಕೊನೆಗೆ, ನೆಲ ಹೆಪ್ಪುಗಟ್ಟುವ ಮುಂಚೆ, ಒಂದು ಸಲ ಮಣ್ಣು ತಣಿಯುವಷ್ಟು ನೀರು. ಚಳಿಗಾಲದ ಒಣ ಗಾಳಿ ಕೊಂಬೆಯಿಂದ ನೀರು ಹೀರುತ್ತಲೇ ಇರುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರು ಅದನ್ನು ತುಂಬಿಕೊಡಲಾರದು. ಶರತ್ಕಾಲದಲ್ಲಿ ಕತ್ತರಿ ಮುಟ್ಟುವುದೇ ಇಲ್ಲ.

ಮೊದಲ ವರ್ಷ ಮಾತ್ರ, ನೆಲ ಹೆಪ್ಪುಗಟ್ಟಿದ ಮೇಲೆ, ಬುಡಕ್ಕೆ ಒಂದಡಿ ಎತ್ತರ ಒಣ ಎಲೆ ಗುಡ್ಡೆ ಹಾಕಿದೆ. ಈಗ ಅದೂ ಇಲ್ಲ. ಕಾಲುದಾರಿಯ ಹಿಮವನ್ನು ಬುಡಕ್ಕೆ ಎರಚುತ್ತೇನೆ. ರಸ್ತೆಯ ಹಿಮ ಬೇಡ, ಅದರಲ್ಲಿ ಉಪ್ಪು ಇರುತ್ತದೆ.

ಚಳಿಗಿಂತ ಮೊಲದ ಕಾಟವೇ ಜಾಸ್ತಿ ಅನ್ನಬಹುದು. ಹಸಿರು ಏನೂ ಸಿಗದ ಫೆಬ್ರವರಿಯಲ್ಲಿ ಗುಲಾಬಿ ತೊಗಟೆಯೇ ಅವಕ್ಕೆ ಊಟ. ಹಿಮ ಏರಿದಷ್ಟೂ ಮೊಲ ಮೇಲಕ್ಕೆ ನಿಲ್ಲುತ್ತದೆ. ಅದಕ್ಕೆ ಬುಡದ ಸುತ್ತ ನಾಲ್ಕಡಿ ಎತ್ತರದ ಸಣ್ಣ ಕಿಂಡಿಯ ತಂತಿಬಲೆ ಸುತ್ತುತ್ತೇನೆ, ಎರಡಡಿ ಸಾಲದು.

ಸವರುವುದು

ಏಪ್ರಿಲ್‌ನಲ್ಲಿ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿ ಸತ್ತ ಹಾಗೆ ಕಾಣುತ್ತವೆ. ಆಗಲೇ ಕತ್ತರಿಸಬೇಡಿ. ಮೇ ನಡುವಿನಲ್ಲಿ ಮೊಗ್ಗು ಉಬ್ಬುವವರೆಗೆ ತಾಳ್ಮೆ ಬೇಕು. ಅನುಮಾನ ಬಂದಲ್ಲಿ ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕತ್ತರಿಸಿದ ಮೇಲೆ ನಡುವಿನ ತಿರುಳು ಕಂದಿದ್ದರೆ ಇನ್ನೂ ಕೆಳಗೆ ಹೋಗಿ, ಬಿಳಿಚಿಕೊಂಡ ತಿಳಿಹಸಿರು ಸಿಕ್ಕಲ್ಲಿ ನಿಲ್ಲಿಸಿ. ಮೊದಲ ಎರಡು ವರ್ಷ ಸತ್ತದ್ದನ್ನು ಬಿಟ್ಟು ಏನನ್ನೂ ತೆಗೆಯಲಿಲ್ಲ.

ಮೂರನೇ ವರ್ಷ ಜೂನ್ ಕೊನೆಗೆ ಹಂದರದ ಮುಕ್ಕಾಲು ಭಾಗ ತುಂಬಿತು. ಜುಲೈ ನಡುವಿನವರೆಗೆ ಎಲೆಯೇ ಕಾಣದಷ್ಟು ಹೂವು, ಆಮೇಲೆ ಸೆಪ್ಟೆಂಬರ್‌ವರೆಗೆ ಅಲ್ಲೊಂದು ಇಲ್ಲೊಂದು ಗೊಂಚಲು. ವಿಡಿಯೋದಲ್ಲಿ ನೋಡಿದ ಅಮ್ಮ "ದಿನಾ ದೇವರಿಗೆ ಬುಟ್ಟಿ ತುಂಬುತ್ತಲ್ವಾ!" ಅಂದರು. ತುಂಬುತ್ತದೆ. ಕಿತ್ತ ಹೂವು ಸಂಜೆಗೇ ಎಸಳು ಉದುರಿಸುತ್ತದೆ, ಹಾಗಾಗಿ ಬೆಳಗಿನ ಪೂಜೆಗೆ ಸರಿ, ಹಾರಕ್ಕೆ ಆಗುವುದಿಲ್ಲ.

ನಾಲ್ಕನೇ ವರ್ಷದಿಂದ ಹಳೆಯ ಕೊಂಬೆಗಳ ಸರದಿ ನೋಡುತ್ತಿದ್ದೇನೆ. ತೊಗಟೆ ಬಿರಿದು ಹೂ ಕಡಿಮೆಯಾದ ಒಂದೆರಡನ್ನು ಮೇ ತಿಂಗಳಲ್ಲಿ ನೆಲಮಟ್ಟಕ್ಕೆ ಗರಗಸದಿಂದ ತೆಗೆಯುವುದು, ಆ ಜಾಗಕ್ಕೆ ಹಿಂದಿನ ಜುಲೈನಲ್ಲಿ ಬಾಗಿಸಿಟ್ಟ ಹೊಸ ಕೊಂಬೆಯನ್ನು ಎಳೆದು ಕಟ್ಟುವುದು. ಒಟ್ಟಿಗೆ ಎಲ್ಲ ತೆಗೆದರೆ ಆ ವರ್ಷದ ಹೂವು ಹೋಗುತ್ತದೆ. ಜುಲೈನಲ್ಲಿ ಹೂ ಮುಗಿದ ಎಳೆ ರೆಂಬೆಗಳಿಂದ ಆರಿಂಚಿನ ತುಂಡುಗಳನ್ನು ತೆಗೆದು, ಪರ್ಲೈಟ್ ಎಂಬ ಹಗುರ ಬಿಳಿ ಕಾಳು ಬೆರೆಸಿದ ಮಣ್ಣಿನಲ್ಲಿ ಚುಚ್ಚಿ, ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ ನೆರಳಲ್ಲಿಟ್ಟರೆ ಬ್ಯಾಫಿನ್ ಸುಲಭವಾಗಿ ಬೇರು ಬಿಡುತ್ತದೆ. ಹಾಗೆ ಎಬ್ಬಿಸಿದ ಸಸಿಗಳು ಈಗ ಇದೇ ಊರಿನ ಇನ್ನಿಬ್ಬರು ಗೆಳೆಯರ ಬೇಲಿ ಹತ್ತುತ್ತಿವೆ. ಇಬ್ಬರಿಗೂ ಮೊದಲು ಕಂಬ ಹೊಡೆಸಿ, ಆಮೇಲೆ ಗಿಡ ಕೊಟ್ಟೆ.